ಹೊರ ಹಾರ್ಡ್ ಡಿಸ್ಕ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಬಂದಾಗ ಅಥವಾ ಅದರಲ್ಲಿರುವ ಮಾಹಿತಿಗೆ ಇನ್ನೊಂದು ಪ್ರತಿ ಇರಲಿ ಎನ್ನಿಸಿದಾಗ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಬೇಕಾಗುತ್ತದೆ. ಅಂಗಡಿಗೆ ಹೋದರೆ ಪೆಟ್ಟಿಗೆಗಳ ಮೇಲೆ ಬರೀ ಸಂಖ್ಯೆಗಳು. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಇರುವುದನ್ನೇ ಹೆಚ್ಚು ಹಣ ಕೊಟ್ಟು ತಂದರೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ವೇಗ ಸಿಗದೆ ಹೋಗಬಹುದು. ಹಾಗೇಕೆ?

ಮನೆಯ ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ನೀರೇರಿಸುವುದನ್ನು ನೆನೆಸಿಕೊಳ್ಳಿ. ಮೋಟಾರು ಎಷ್ಟೇ ದೊಡ್ಡದಿರಲಿ, ನಡುವಿನ ಕೊಳವೆ ಅರ್ಧ ಅಂಗುಲದ್ದಾದರೆ ಟ್ಯಾಂಕು ನಿಧಾನವಾಗಿಯೇ ತುಂಬುತ್ತದೆ. ಇಲ್ಲಿಯೂ ಅಷ್ಟೆ. ಮಾಹಿತಿಯ ದಾರಿಯಲ್ಲಿ ಡಿಸ್ಕ್, ಕೇಬಲ್ ಮತ್ತು ಲ್ಯಾಪ್‌ಟಾಪಿನ ಕಿಂಡಿ ಎಂಬ ಮೂರು ಭಾಗಗಳಿವೆ. ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ನಿಮಗೆ ಸಿಗುವ ವೇಗ.

ಡಿಸ್ಕಿನ ಒಳಗೆ

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪನವಿರುವ ಬಿಲ್ಲೆಗಳು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದು-ಬರಹದ ತಲೆ ತೇಲುತ್ತದೆ. ಅಂಗೈಯಗಲದ ಡಿಸ್ಕಿನಲ್ಲಿ ಇಷ್ಟೊಂದು ಮಾಹಿತಿ ಹಿಡಿಸಲು ನೆರವಾದದ್ದು 1988ರಲ್ಲಿ ಪತ್ತೆಯಾದ ದೈತ್ಯ ಕಾಂತರೋಧ ಪರಿಣಾಮ. ಇದಕ್ಕಾಗಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಬಿಲ್ಲೆ ನಿಮಿಷಕ್ಕೆ 5400 ಸುತ್ತು ತಿರುಗುವುದಾದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.5 ಮಿಲಿಸೆಕೆಂಡು ಕಾಯಬೇಕು. ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಆದ್ದರಿಂದಲೇ ಒಂದು ದೊಡ್ಡ ಚಲನಚಿತ್ರದ ಕಡತ ಬೇಗ ನಕಲಾದರೂ ಅಷ್ಟೇ ಗಾತ್ರದ ಸಾವಿರಾರು ಸಣ್ಣ ಕಡತಗಳು ತೆವಳುತ್ತಾ ಸಾಗುತ್ತವೆ. ಒಂದೇ ಸಮನೆ ಓದುವಾಗ ಇಂಥ ಡಿಸ್ಕಿನ ವೇಗ ಸೆಕೆಂಡಿಗೆ ಸುಮಾರು 120 ಮೆಗಾಬೈಟ್.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿ ಅರೆವಾಹಕ ಕೋಶಗಳಲ್ಲಿ ಬಂಧಿತ ಎಲೆಕ್ಟ್ರಾನುಗಳ ರೂಪದಲ್ಲಿರುತ್ತದೆ. ತಲೆ ಸರಿಯುವುದನ್ನು ಕಾಯಬೇಕಿಲ್ಲ. ವೇಗ ಸೆಕೆಂಡಿಗೆ 500ರಿಂದ 1000 ಮೆಗಾಬೈಟ್, ಕೆಲವದರಲ್ಲಿ ಇನ್ನೂ ಹೆಚ್ಚು. ಬೆಲೆ ಮಾತ್ರ ಅದೇ ಸಾಮರ್ಥ್ಯದ ಹಾರ್ಡ್ ಡಿಸ್ಕಿಗಿಂತ ಹೆಚ್ಚು.

ಕಿಂಡಿಯ ಆಕಾರವೇ ಬೇರೆ, ವೇಗವೇ ಬೇರೆ

2000ದಲ್ಲಿ ಬಂದ ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್. 2008ರ ಯುಎಸ್‌ಬಿ 3.0ರದು 5 ಗಿಗಾಬಿಟ್. ಆಮೇಲೆ 10, 20 ಗಿಗಾಬಿಟ್ ಆಗಿ, 2019ರ ಯುಎಸ್‌ಬಿ4ರಲ್ಲಿ 40ಕ್ಕೆ ಏರಿತು. ಗಮನಿಸಿ, ಇವೆಲ್ಲ ಬಿಟ್‌ಗಳ ಲೆಕ್ಕ. ಡಿಸ್ಕಿನ ವೇಗವನ್ನು ಹೇಳುವುದು ಬೈಟ್‌ಗಳಲ್ಲಿ. ಒಂದು ಬೈಟಿಗೆ 8 ಬಿಟ್, ಯುಎಸ್‌ಬಿ 3.0ರಲ್ಲಿ ಸಂಕೇತೀಕರಣಕ್ಕಾಗಿ 8 ಬಿಟ್‌ಗಳನ್ನು 10 ಮಾಡಿ ಕಳುಹಿಸುತ್ತಾರೆ. ಹೀಗಾಗಿ 5 ಗಿಗಾಬಿಟ್ ಎಂದರೆ ಹೆಚ್ಚೆಂದರೆ 500 ಮೆಗಾಬೈಟ್. ಕೈಗೆ ಸಿಗುವುದು 400ರ ಆಸುಪಾಸು. ಯುಎಸ್‌ಬಿ 2.0ರಲ್ಲಿ ಸಿಗುವುದು 35ರಷ್ಟು ಮಾತ್ರ.

ತೆಳುವಾದ ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ವೇಗ ಇದೆಯೆಂದಲ್ಲ. ಟೈಪ್-ಸಿ ಎಂಬುದು ಆಕಾರದ ಹೆಸರು. ಅದರ ಹಿಂದೆ 480 ಮೆಗಾಬಿಟ್ಟೂ ಇರಬಹುದು, 40 ಗಿಗಾಬಿಟ್ಟೂ ಇರಬಹುದು. ಫೋನ್ ಚಾರ್ಜ್ ಮಾಡುವ ಟೈಪ್-ಸಿ ಕೇಬಲ್‌ಗಳಲ್ಲಿ ಬಹಳಷ್ಟು ಯುಎಸ್‌ಬಿ 2.0ರವೇ. ಹೊಸ ಎಸ್‌ಎಸ್‌ಡಿಯನ್ನು ಅಂಥ ಕೇಬಲ್ಲಿಗೆ ಸಿಕ್ಕಿಸಿದರೆ 35 ಮೆಗಾಬೈಟಿಗೇ ತೃಪ್ತಿಪಡಬೇಕು! ಆದ್ದರಿಂದ ಡಿಸ್ಕಿನ ಜೊತೆ ಕೊಟ್ಟ ಕೇಬಲ್ಲನ್ನೇ ಬಳಸಿ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಕಿಂಡಿಯ ಹೆಸರಿಗಿಂತ ಗಿಗಾಬಿಟ್ ಸಂಖ್ಯೆಯನ್ನು ಹುಡುಕಿ, ಏಕೆಂದರೆ ಅದೇ 5 ಗಿಗಾಬಿಟ್ ಕಿಂಡಿಗೆ 3.0, 3.1 ಜೆನ್ 1, 3.2 ಜೆನ್ 1 ಎಂಬ ಮೂರು ಹೆಸರುಗಳಿವೆ.

ಈಗ ಲೆಕ್ಕ

ನಿಮ್ಮಲ್ಲಿ 500 ಗಿಗಾಬೈಟ್, ಅಂದರೆ 5 ಲಕ್ಷ ಮೆಗಾಬೈಟ್ ಮಾಹಿತಿ ಇದೆಯೆನ್ನಿ. ಯುಎಸ್‌ಬಿ 2.0 ಕಿಂಡಿಯಲ್ಲಿ ಅದನ್ನು ನಕಲು ಮಾಡಲು ಸುಮಾರು 4 ಗಂಟೆ ಬೇಕು. 5 ಗಿಗಾಬಿಟ್ ಕಿಂಡಿಯಲ್ಲಿ ತಿರುಗುವ ಡಿಸ್ಕಿಗೆ 70 ನಿಮಿಷ. ಎಸ್‌ಎಸ್‌ಡಿಗೆ 21 ನಿಮಿಷ. ಕಿಂಡಿಯೂ ಎಸ್‌ಎಸ್‌ಡಿಯೂ 10 ಗಿಗಾಬಿಟ್ಟಿನವಾದರೆ ಸುಮಾರು 10 ನಿಮಿಷ. ಸಣ್ಣ ಕಡತಗಳು ಹೆಚ್ಚಿದ್ದರೆ ಎಲ್ಲದರಲ್ಲೂ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ತಿರುಗುವ ಡಿಸ್ಕಿಗೆ 5 ಗಿಗಾಬಿಟ್ ಕಿಂಡಿಯೇ ಧಾರಾಳ. ಅದಕ್ಕಿಂತ ವೇಗದ ಕಿಂಡಿಗೆ ಜೋಡಿಸಿದರೂ ಲಾಭವಿಲ್ಲ. ಹಾಗೆಯೇ ಲ್ಯಾಪ್‌ಟಾಪಿನ ಕಿಂಡಿ 5 ಗಿಗಾಬಿಟ್ಟಿನದಾದರೆ 1000 ಮೆಗಾಬೈಟ್ ವೇಗದ ಎಸ್‌ಎಸ್‌ಡಿಗೆ ತೆತ್ತ ಹೆಚ್ಚಿನ ಹಣ ಸದ್ಯಕ್ಕೆ ವ್ಯರ್ಥ.

ಇನ್ನು ಕೆಲವು ವಿಷಯಗಳು

2.5 ಅಂಗುಲದ ಡಿಸ್ಕ್ ಕಿಂಡಿಯಿಂದಲೇ ವಿದ್ಯುತ್ ಪಡೆಯುತ್ತದೆ. ಯುಎಸ್‌ಬಿ 2.0 ಕೊಡುವುದು 2.5 ವಾಟ್, 3.0 ಕೊಡುವುದು 4.5 ವಾಟ್. ಡಿಸ್ಕ್ ‘ಟಿಕ್ ಟಿಕ್’ ಎಂದು ಮತ್ತೆ ಮತ್ತೆ ನಿಂತು ಹೊರಡುತ್ತಿದ್ದರೆ ವಿದ್ಯುತ್ ಸಾಲದಿರಬಹುದು; ಬೇರೆ ಕಿಂಡಿಗೆ ಹಾಕಿ ನೋಡಿ. ಹಾಗೂ ಶಬ್ದ ನಿಲ್ಲದಿದ್ದರೆ ಡಿಸ್ಕೇ ಕೆಡುತ್ತಿರಬಹುದು. ಮೊದಲು ಮಾಹಿತಿಯನ್ನು ಬೇರೆಡೆ ಇಳಿಸಿಕೊಳ್ಳಿ. 3.5 ಅಂಗುಲದ ಡಿಸ್ಕಿಗಾದರೆ ಪ್ರತ್ಯೇಕ ಅಡಾಪ್ಟರ್ ಬೇಕೇ ಬೇಕು.

1 ಟೆರಾಬೈಟ್ ಎಂದು ತಂದ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರಿದರೆ ಮೋಸಹೋದಿರೆಂದು ಭಾವಿಸಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಬರೆಯಬೇಕಿದ್ದರೆ ಡಿಸ್ಕನ್ನು ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಸಿದ್ಧಪಡಿಸಿ. ಹೀಗೆ ಮಾಡುವಾಗ ಅದರಲ್ಲಿರುವ ಮಾಹಿತಿ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಹಾಗಾದರೆ ಯಾವುದು?

ಛಾಯಾಚಿತ್ರ, ಪಾಠ, ಸಂಶೋಧನೆಯ ದತ್ತಾಂಶಗಳನ್ನು ವಾರಕ್ಕೊಮ್ಮೆ ನಕಲು ಮಾಡಿ ಮೇಜಿನ ಮೇಲೆ ಇಡುವವರಿಗೆ ತಿರುಗುವ ಡಿಸ್ಕೇ ಸಾಕು. ಅದೇ ಹಣಕ್ಕೆ ಹೆಚ್ಚು ಜಾಗ ಸಿಗುತ್ತದೆ. ಆದರೆ ತಿರುಗುತ್ತಿರುವಾಗ ಅದನ್ನು ಅಲುಗಾಡಿಸಬಾರದು. ಬಿದ್ದರೆ ತಲೆ ಬಿಲ್ಲೆಗೆ ತಗಲುತ್ತದೆ. ಡಿಸ್ಕಿನಿಂದಲೇ ನೇರವಾಗಿ ವಿಡಿಯೋ ಸಂಕಲನ ಮಾಡುವವರಿಗೆ, ಚೀಲದಲ್ಲಿ ಹಾಕಿಕೊಂಡು ತಿರುಗುವವರಿಗೆ ಎಸ್‌ಎಸ್‌ಡಿ ಒಳ್ಳೆಯದು. ಅದನ್ನು ವರ್ಷಗಟ್ಟಲೆ ವಿದ್ಯುತ್ ಕೊಡದೆ ಕಪಾಟಿನಲ್ಲಿ ಇಡಬೇಡಿ. ಕೋಶಗಳಲ್ಲಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಜಾಗ ಸಾಲದೆಂದು ಕಡತಗಳನ್ನು ಹೊರ ಡಿಸ್ಕಿಗೆ ವರ್ಗಾಯಿಸಿ ಲ್ಯಾಪ್‌ಟಾಪಿನಿಂದ ಅಳಿಸಿಬಿಟ್ಟರೆ ಉಳಿಯುವುದು ಒಂದೇ ಪ್ರತಿ. ಯಾವ ಡಿಸ್ಕೂ ಚಿರಂಜೀವಿಯಲ್ಲ. ಅದು ಕೆಟ್ಟ ದಿನ ಐದು ವರ್ಷಗಳ ಪ್ರಬಂಧವೋ ಮಗುವಿನ ಮೊದಲ ಹೆಜ್ಜೆಯ ಚಿತ್ರವೋ ಮರಳಿ ಬಾರದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ಕೈಯಲ್ಲಿರುವ ಹಣಕ್ಕೆ ಅತಿವೇಗದ ಒಂದು ಡಿಸ್ಕ್ ಬರುವುದಾದರೆ, ಅದರ ಬದಲು ಸಾಧಾರಣ ವೇಗದ ಎರಡನ್ನು ಕೊಳ್ಳಿ. ಎರಡರಲ್ಲೂ ಅದೇ ಮಾಹಿತಿ ತುಂಬಿ, ಒಂದನ್ನು ಬೇರೆ ಮನೆಯಲ್ಲಿಡಿ.