ದಂಡಿನ ವೈದ್ಯರ ದಫ್ತರ

ಮದರಾಸಿನಿಂದ ತಾಂಬರದ ಕಡೆಗೆ ಹೋಗುವ ರೈಲು ಪರಂಗಿಮಲೆಯನ್ನೂ ಮೀನಂಬಾಕ್ಕವನ್ನೂ ಹಿಂದಿಕ್ಕಿ, ತಿರುಶೂಲದ ಗುಡ್ಡಗಳ ಮಗ್ಗುಲಲ್ಲಿ ಸಾಗಿ ತಲುಪುವ ಪಲ್ಲಾವರಂ ಎಂಬ ಊರಿಗೆ ಪಲ್ಲವ ಮಹೇಂದ್ರವರ್ಮನ ಗುಹಾಲಯವೊಂದು, ಚರ್ಮ ಹದಮಾಡುವ ಕಾರ್ಖಾನೆಗಳು, ಶುಕ್ರವಾರದ ದೊಡ್ಡ ಸಂತೆ ಇವೆಲ್ಲವೂ ಸ್ವಂತದ್ದಾಗಿದ್ದರೂ, ಅದರ ಹೆಸರನ್ನು ವಿದ್ವತ್ಪ್ರಪಂಚಕ್ಕೆ ಮುಟ್ಟಿಸಿದುದು ದಂಡಿನವರು ಕವಾಯತು ಮಾಡುತ್ತಿದ್ದ ಒಂದು ಬಯಲು. 1863ನೆಯ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ, ಇಲ್ಲಿನ ಬ್ರಿಗೇಡ್ ಮೈದಾನದ ಮುರಕಲ್ಲಿನ ಜಲ್ಲಿಗುಂಡಿಯಲ್ಲಿ ಹಳೆಯ ಶಿಲಾಯುಗದ ಮನುಷ್ಯನು ಕೆತ್ತಿದ ಕಲ್ಲಿನ ಕೊಡಲಿಯನ್ನು ಕಂಡನು. ಮುಂದೆ 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥನಾಗಿ ಬಂದವನೂ ಈತನೇ ಆದುದರಿಂದ ಕನ್ನಡಿಗರಿಗೆ ಅವನ ಹೆಸರು ತೀರ ಅಪರಿಚಿತವಲ್ಲ. ಆದರೆ ಕೊಡಲಿಯ ಕೀರ್ತಿಯಲ್ಲಿ ಮರೆಯಾದ ಇನ್ನೊಂದು ಶೋಧವು ಇದೇ ದಂಡುಪ್ರದೇಶಗಳಲ್ಲಿ, ಫೂಟನಿಗಿಂತ ಬಹು ಮೊದಲೇ, ಸದ್ದುಗದ್ದಲವಿಲ್ಲದೆ ನಡೆದಿತ್ತು. ಅದರ ಸಲಕರಣೆ ಗುದ್ದಲಿಯಲ್ಲ, ದಫ್ತರ. ಅದನ್ನು ನಡೆಸಿದವರು ಪಟಾಲಮಿನ ವೈದ್ಯರು.

ಪಲ್ಲಾವರಕ್ಕೆ ಒಂದು ಕಾಲದಲ್ಲಿ ಪ್ರೆಸಿಡೆನ್ಸಿ ಕಂಟೋನ್ಮೆಂಟ್ ಎಂಬ ಹೆಸರಿತ್ತು. ಪರಂಗಿಮಲೆಯ ಬುಡದಲ್ಲಿ ಫಿರಂಗಿಪಡೆಯೂ ಇಲ್ಲಿ ದೇಶೀಯ ಸಿಪಾಯಿಗಳ ಪಟಾಲಮುಗಳೂ ಬೀಡುಬಿಟ್ಟಿದ್ದವು. ಇಂದಿಗೂ ಈ ಎರಡು ಊರುಗಳನ್ನು ಜೋಡಿಸಿಯೇ ಕಂಟೋನ್ಮೆಂಟಿನ ಹೆಸರು ನಡೆದುಬಂದಿದೆ. ಮದರಾಸು ಸೈನ್ಯದ ಸಿಪಾಯಿಯು ಹೆಂಡತಿಮಕ್ಕಳನ್ನು ಲೈನಿನಲ್ಲಿಯೇ ಕಟ್ಟಿಕೊಂಡು ಸಂಸಾರ ಹೂಡುತ್ತಿದ್ದವನಾದುದರಿಂದ, ಅವನಿಗೆ ಬಂದ ಕಾಯಿಲೆ ಒಬ್ಬನ ಕಾಯಿಲೆಯಾಗಿ ಉಳಿಯುತ್ತಿರಲಿಲ್ಲ. ಪಟಾಲಮಿನ ಆಸ್ಪತ್ರೆಯಲ್ಲಿ ವೈದ್ಯನು ಬರೆದಿಡಬೇಕಾಗಿದ್ದ ಪಟ್ಟಿಯ ಅಂಕಣಗಳು ಇಷ್ಟೆ: ಹಿಂದಿನಿಂದ ಉಳಿದವರು, ಹೊಸದಾಗಿ ಸೇರಿದವರು, ಗುಣಹೊಂದಿ ಹೋದವರು, ಮೃತರಾದವರು, ಇನ್ನೂ ಉಳಿದಿರುವವರು. ನೋಡಿದರೆ ಶಾನುಭೋಗರ ಲೆಕ್ಕಕ್ಕಿಂತ ರಸಹೀನವಾದ ಕಾಗದ. ಆದರೆ ಇಂಥ ಕಾಗದಗಳು ತಿಂಗಳು ತಿಂಗಳೂ ಮದರಾಸಿನ ವೈದ್ಯಕೀಯ ಮಂಡಲಿಗೆ ಹೋಗಿ ಸೇರಿ, ಹತ್ತಾರು ವರ್ಷ ಕೂಡಿಬಿದ್ದ ಮೇಲೆ, ಯಾರೂ ಅಪೇಕ್ಷಿಸದಿದ್ದ ಒಂದು ಸತ್ಯವನ್ನು ಹೊರಗೆಡಹಿದವು. ಸೈನಿಕನನ್ನು ಕೊಲ್ಲುತ್ತಿದ್ದುದು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಅವನು ಮಲಗಿದ ನೆಲ, ಕುಡಿದ ನೀರು, ಉಂಡ ಅನ್ನ.

ದಂಡಿಗೂ ವೈದ್ಯಕ್ಕೂ ಮದರಾಸಿನಲ್ಲಿ ನಂಟು ಮೊದಲಿನಿಂದಲೂ ಇದೆ. ಇಂದು ಲಕ್ಷಾಂತರ ಬಡವರು ಬಾಗಿಲು ತಟ್ಟುವ ಅಲ್ಲಿನ ಜನರಲ್ ಆಸ್ಪತ್ರೆಯು 1664ರಲ್ಲಿ ಕೋಟೆಯೊಳಗೆ ಕಂಪನಿಯ ರೋಗಿ ಸೋಲ್ಜರುಗಳಿಗಾಗಿ ಹುಟ್ಟಿದುದು. 1835ರಲ್ಲಿ ತೆರೆದ ವೈದ್ಯಶಾಲೆಯೂ ಸೈನ್ಯದ ಆಸ್ಪತ್ರೆಗಳಿಗೆ ಕೈಕೆಳಗಿನ ವೈದ್ಯರನ್ನು ಸಿದ್ಧಪಡಿಸುವ ಉದ್ದೇಶದಿಂದಲೇ ಆರಂಭವಾದುದು. 1817ರ ತರುವಾಯ ವಾಂತಿಭೇದಿಯ ಮಹಾಮಾರಿಯು ಬಂಗಾಳದಿಂದ ಹೊರಟು ದಂಡು ನಡೆದ ಹಾದಿಗಳನ್ನೇ ಹಿಡಿದು ದಕ್ಷಿಣಕ್ಕೆ ಇಳಿದಾಗ, ಮಂಡಲಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಸ್ಕಾಟ್ ಊರೂರಿನ ದಂಡಿನ ವೈದ್ಯರಿಂದ ವರದಿಗಳನ್ನು ತರಿಸಿ 1824ರಲ್ಲಿ ಒಂದು ಬೃಹದ್ಗ್ರಂಥವನ್ನು ಹೊರತಂದನು. ಆಗ ಮದರಾಸಿನ ಗವರ್ನರನಾಗಿದ್ದವನು ನಮ್ಮ ಬಳ್ಳಾರಿ ಸೀಮೆ ಇಂದಿಗೂ ನೆನೆಯುವ ಥಾಮಸ್ ಮನ್ರೋ; ಮೂರು ವರ್ಷ ಕಳೆಯುವಷ್ಟರಲ್ಲಿ ಪತ್ತಿಕೊಂಡದಲ್ಲಿ ಅದೇ ವಾಂತಿಭೇದಿಗೆ ಅವನೂ ತುತ್ತಾದನು. ಮಾಲ್ಕಂಸನ್ ಎಂಬ ಇನ್ನೊಬ್ಬ ಸೇನಾವೈದ್ಯನು 1835ರಲ್ಲಿ ಬೆರಿಬೆರಿಯನ್ನು ಕುರಿತು ಪ್ರಬಂಧ ಬರೆದನು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಜೀವಸತ್ತ್ವವೊಂದು ಕಳೆದುಹೋಗುವುದೇ ರೋಗಮೂಲವೆಂಬುದು ಅವನಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ರೋಗ ಎಲ್ಲೆಲ್ಲಿ, ಯಾರಾರಲ್ಲಿ ಕಾಣಿಸಿಕೊಂಡಿತೆಂಬುದನ್ನು ಮಾತ್ರ ಅವನು ಶ್ರದ್ಧೆಯಿಂದ ಬರೆದಿಟ್ಟನು.

1840ರ ದಶಕದ ಆದಿಯಲ್ಲಿ ಈ ದಫ್ತರಗಳಿಂದ ಒಂದು ಗ್ರಂಥಮಾಲೆಯೇ ಹೊರಟಿತು. ಮೊದಲು ಬಂದುದು ಪಲ್ಲಾವರದಂತಹ ಬೀಡುಗಳಿದ್ದ ಪ್ರೆಸಿಡೆನ್ಸಿ ವಿಭಾಗದ ವೈದ್ಯಕೀಯ ಸ್ಥಳವರ್ಣನೆ. ಅನಂತರ ಮೈಸೂರು ವಿಭಾಗ, ಬಳ್ಳಾರಿಯನ್ನೊಳಗೊಂಡ ದತ್ತಮಂಡಲ, ಮಲಬಾರು ಮತ್ತು ಕನ್ನಡ ಜಿಲ್ಲೆ ಹೀಗೆ ಒಂದೊಂದಾಗಿ ಪ್ರಕಟವಾದವು. ಮಣ್ಣಿನ ಬಣ್ಣ, ಬಾವಿಯ ರುಚಿ, ಗಾಳಿ ಬೀಸುವ ದಿಕ್ಕು, ಬ್ಯಾರಕ್ಕಿನ ಎತ್ತರ, ಜನರ ಊಟ, ಅದರ ಕೆಳಗೆ ರೋಗಿಗಳ ಲೆಕ್ಕ. ನಮ್ಮ ನಾಡಿನ ಆ ಕಾಲದ ದಿನನಿತ್ಯದ ಜೀವನವನ್ನು ತಿಳಿಯಲಿಚ್ಛಿಸುವವರು ಈ ಪುಸ್ತಕಗಳನ್ನು ಅಷ್ಟಾಗಿ ತೆರೆದು ನೋಡದಿರುವುದು ನನಗೆ ಸೋಜಿಗವೇ ಸರಿ.

ಈ ಲೆಕ್ಕಕ್ಕೆ ಎಂತಹ ಬಲವಿತ್ತೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ ಕಂಪನಿಯ ಸೈನ್ಯವು, ಕಾವೇರಿಯ ನಡುಗಡ್ಡೆಯ ಚಳಿಜ್ವರದಿಂದ ಹಣ್ಣಾಗಿ, ಕಡೆಗೆ 1809ರಲ್ಲಿ ಬೆಂಗಳೂರಿಗೆ ಗುಳೆಯೆದ್ದಿತು. ಬೆಂಗಳೂರಿನ ದಂಡು ಎಂಬ ಆ ಇನ್ನೊಂದು ಪಟ್ಟಣ ಹುಟ್ಟಿದುದು ಹೀಗೆ ಜ್ವರದ ದೆಸೆಯಿಂದ. ಜೌಗಿನಿಂದೇಳುವ ವಿಷವಾಯುವೇ ಜ್ವರದ ಬೀಜವೆಂದು ಆ ವೈದ್ಯರು ನಂಬಿದ್ದರು. ಕಾರಣ ತಪ್ಪಾಗಿತ್ತು, ಲೆಕ್ಕ ಸರಿಯಾಗಿತ್ತು, ಲೆಕ್ಕವನ್ನು ನೆಚ್ಚಿ ಎತ್ತರದ ಒಣನೆಲಕ್ಕೆ ಏರಿದವರು ಬದುಕಿಕೊಂಡರು. 1883ರಲ್ಲಿ ಅದೇ ಬೆಂಗಳೂರಿನಲ್ಲಿದ್ದ ಮದರಾಸು ಸೇವೆಯ ತರುಣ ವೈದ್ಯ ರೊನಾಲ್ಡ್ ರಾಸ್, ತನ್ನ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ತೊಟ್ಟಿಯನ್ನು ಮಗುಚಿ ಕಾಟವನ್ನು ಕಳೆದುಕೊಂಡನು. ಇನ್ನುಳಿದ ತೊಟ್ಟಿಗಳನ್ನೂ ಬರಿದುಮಾಡೋಣವೆಂದಾಗ ಪಟಾಲಮಿನ ಅಧಿಕಾರಿಯು, ಸೊಳ್ಳೆಯನ್ನೂ ಸೃಷ್ಟಿಸಿದವನಿಗೆ ಏನೋ ಉದ್ದೇಶವಿರಬೇಕು, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬರ್ಥದ ಉತ್ತರ ಕೊಟ್ಟನಂತೆ. ಸೊಳ್ಳೆಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು ರಾಸ್ ಸಿಕಂದರಾಬಾದಿನಲ್ಲಿ ಸಾಧಿಸಿ ತೋರಿಸಿದುದು 1897ರಲ್ಲಿ.

ದಫ್ತರದ ಲೆಕ್ಕದಿಂದ ರೋಗವನ್ನು ಅರಿಯುವ ಈ ವಿದ್ಯೆಯ ಪ್ರತಿನಿಧಿಯಾಗಿ ಒಬ್ಬನನ್ನೇ ಹೆಸರಿಸಬೇಕಾದರೆ ನಾನು ಎಡ್ವರ್ಡ್ ಬಾಲ್ಫರನನ್ನು ಆರಿಸುವೆನು. ದಂಡಿಗೆ ಆರೋಗ್ಯಕರವಾದ ಸ್ಥಳವನ್ನು ಆರಿಸುವ ಬಗೆಯನ್ನು ಅಂಕಿ ಅಂಶಗಳಿಂದ ನಿರೂಪಿಸಿದ ಈ ಸೇನಾವೈದ್ಯನು, ಮರಗಳಿಗೂ ಮಳೆಗೂ ಇರುವ ಸಂಬಂಧವನ್ನು 1849ರಷ್ಟು ಹಿಂದೆಯೇ ಚರ್ಚಿಸಿದನು. ಮದರಾಸಿನ ವಸ್ತುಸಂಗ್ರಹಾಲಯವನ್ನು ನೆಲೆಗೊಳಿಸಿದನು. 1865ರಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೂ ನೆರವಾದನು. 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆಯುವುದಕ್ಕೆ ಒತ್ತಾಸೆಯಾಗಿ ನಿಂತನು.

ಆದರೆ ಎಲ್ಲವೂ ಹೊಗಳತಕ್ಕುದಲ್ಲ. 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ ಎಂಬ ಆಯೋಗವು, ಇಂಡಿಯದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರಲ್ಲಿ ತಿಳಿಸಿದಾಗ, ಫ್ಲಾರೆನ್ಸ್ ನೈಟಿಂಗೇಲ್ ಈ ನೆಲವನ್ನು ಒಮ್ಮೆಯೂ ಮೆಟ್ಟದೆ, ಬೀಡುಬೀಡಿನಿಂದ ಬಂದ ಉತ್ತರಗಳ ರಾಶಿಯನ್ನು ಓದಿಯೇ ಚರಂಡಿ, ನೀರು, ಬ್ಯಾರಕ್ಕುಗಳ ಸುಧಾರಣೆಗೆ ಹೋರಾಡಿದಳು. ಇನ್ನೊಂದೆಡೆ ಅದೇ ಸೈನಿಕನ ಆರೋಗ್ಯದ ಹೆಸರಿನಲ್ಲಿ ಲಾಕ್ ಆಸ್ಪತ್ರೆಗಳೆಂಬ ಕಟ್ಟಡಗಳೊಳಗೆ ಬಡ ಹೆಂಗಸರನ್ನು ಹಿಡಿದು ತಂದು ಗುಹ್ಯರೋಗವಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಸೋಲ್ಜರನನ್ನು ಕೇಳುವವರಿಲ್ಲ, ಹೆಂಗಸಿಗೆ ಸೆರೆ. ದಫ್ತರದಲ್ಲಿ ಅವಳೂ ಒಂದು ಅಂಕಿ.

ಸ್ವಾತಂತ್ರ್ಯಾನಂತರದ ಕಥೆ ಪಲ್ಲಾವರದ ನೆರೆಯಲ್ಲಿಯೇ ಮುಂದುವರಿಯಿತು. ಚೀನದೊಡನೆ ನಡೆದ 1962ರ ಯುದ್ಧದಲ್ಲಿ ಅಧಿಕಾರಿಗಳ ಅಭಾವವನ್ನು ಕಂಡ ಸರ್ಕಾರವು 1963ರಲ್ಲಿ ಪರಂಗಿಮಲೆಯ ಬಳಿ ಅಧಿಕಾರಿಗಳ ತರಬೇತಿ ಶಾಲೆಯನ್ನು ತೆರೆಯಿತು. ಸಮುದ್ರದ ಮಟ್ಟದಲ್ಲಿ ತರಬೇತಾದ ಯುವಕರು ಏಕಾಏಕಿ ಹಿಮಾಲಯವನ್ನು ಏರಬೇಕಾಗಿ ಬಂದುದು ಆ ಕಾಲದ ಪರಿಸ್ಥಿತಿ. ಮೈಯಲ್ಲಿ ಗಾಯವಿಲ್ಲದ ಗಟ್ಟಿಗರು ಮೇಲೇರಿದ ಎರಡು ಮೂರು ದಿನಗಳಲ್ಲಿ ಪುಪ್ಪಸದಲ್ಲಿ ನೀರು ತುಂಬಿ ಪ್ರಾಣಬಿಡುತ್ತಿದ್ದರು. ಸೇನಾವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1925 ಮಂದಿ ಭಾರತೀಯ ಸೈನಿಕರನ್ನು ಪರಿಶೀಲಿಸಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಪರ್ವತರೋಗದ ವಿಷಯದಲ್ಲಿ ಇಂದಿಗೂ ಆಕರ. ಈಗ ನಮ್ಮ ಸೈನಿಕನು 9000 ಅಡಿಯ ಮೇಲೆ ಆರು ದಿನ, 12000 ಅಡಿಯ ಮೇಲೆ ನಾಲ್ಕು ದಿನ, 15000 ಅಡಿಯ ಮೇಲೆ ಮತ್ತೆ ನಾಲ್ಕು ದಿನ ಮೈಯನ್ನು ಗಾಳಿಗೆ ಒಗ್ಗಿಸಿಕೊಂಡ ಮೇಲೆಯೇ ಕೆಲಸಕ್ಕೆ ನಿಲ್ಲುತ್ತಾನೆ.

ಕವಾಯತಿನ ಮೈದಾನಕ್ಕೂ ತನ್ನದೇ ಆದ ಒಂದು ಗಾಯವಿದೆ. ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯದ ಸೇನಾವೈದ್ಯನು 1855ರಲ್ಲಿ, ಏಟು ಬೀಳದೆ ಬರಿಯ ನಡಿಗೆಯಿಂದಲೇ ಪಾದ ಬಾತು ನರಳುವ ಸೈನಿಕರನ್ನು ವರ್ಣಿಸಿದನು. ಹೊರೆ ಹೆಚ್ಚಿದಾಗ ಮೂಳೆಯು ತನ್ನ ಹಳೆಯ ಅಂಶವನ್ನು ಮೊದಲು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ಕೆಲವು ವಾರಗಳಲ್ಲಿ ವಿರಾಮವಿಲ್ಲದೆ ಓಡಿಸಿದರೆ ಮೊಣಕಾಲಿನ ಕೆಳಗಣ ದೊಡ್ಡ ಮೂಳೆ ಕೂದಲೆಳೆಯಷ್ಟು ಬಿರಿಯುವುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿಯೂ ಅದು ಕಾಣದಿರಬಹುದಾದುದರಿಂದ, ನೋವೆಂದು ಕುಂಟುವ ತರುಣನಿಗೆ ಸೋಮಾರಿಯೆಂಬ ಹೆಸರು ಬರುವುದು ಸುಲಭ. 1992ರಿಂದ ಪರಂಗಿಮಲೆಯ ತರಬೇತಿ ಶಾಲೆಗೆ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಈ ಬಿರುಕು ಸ್ತ್ರೀಯರಲ್ಲಿ ಹೆಚ್ಚೆಂಬುದು ನಾನಾ ದೇಶಗಳ ಸೈನ್ಯಗಳ ಅನುಭವ. ಆಸ್ಟ್ರೇಲಿಯದ ಸೈನ್ಯದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ ನಡಿಗೆಯ ವೇಗವನ್ನು ತಗ್ಗಿಸಿ, ಎಲ್ಲರೂ ಒಂದೇ ಅಳತೆಯ ಹೆಜ್ಜೆ ಹಾಕಬೇಕೆಂಬ ಕಟ್ಟನ್ನು ಸಡಿಲಿಸಿ, ಪ್ರತಿಯೊಬ್ಬಳೂ ತನ್ನ ಕಾಲಿನ ಉದ್ದಕ್ಕೆ ತಕ್ಕಂತೆ ನಡೆಯಲು ಬಿಟ್ಟುದರಿಂದ, ಅವರಲ್ಲಿ ನೂರಕ್ಕೆ 11ರಷ್ಟಿದ್ದ ಸೊಂಟದ ಮೂಳೆಯ ಬಿರುಕು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು.