ಮದ್ದೂ ಮುಹೂರ್ತವೂ

'ಶುಭಸ್ಯ ಶೀಘ್ರಂ' ಎಂದು ಹಿರಿಯರು ಹೇಳುವುದುಂಟು. 'ನಿಧಾನವೇ ಪ್ರಧಾನ' ಎಂದೂ ಅವರೇ ಹೇಳುವುದುಂಟು. ಸಂಸಾರದ ವ್ಯವಹಾರಗಳಲ್ಲಿ ಇವೆರಡರಲ್ಲಿ ಯಾವುದನ್ನು ಹಿಡಿದರೂ ಹೇಗೋ ನಡೆದೀತು. ಆದರೆ ಸಾವುಬದುಕಿನ ನಡುವೆ ಮಲಗಿರುವ ರೋಗಿಯ ಮುಂದೆ ವೈದ್ಯನು ಯಾವ ಮಾತನ್ನು ನಂಬಬೇಕು? ಎಚ್.ಐ.ವಿ. ಸೋಂಕಿನ ಚಿಕಿತ್ಸೆಯಲ್ಲಿ ಈ ಪ್ರಶ್ನೆ ಬಹುಕಾಲ ವೈದ್ಯರನ್ನು ಕಾಡಿತು. ಅದಕ್ಕೆ ಉತ್ತರ ದೊರೆತ ಬಗೆಯನ್ನು, ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಓದಿ ತಿಳಿದ ಮಟ್ಟಿಗೆ, ವಾಚಕರ ಮುಂದಿಡುತ್ತೇನೆ.

ಎಚ್.ಐ.ವಿ. ಎಂಬ ವೈರಸ್ಸು ಕೋಟೆಯ ಬಾಗಿಲನ್ನು ಒಳಗಿನಿಂದ ತೆರೆದುಕೊಡುವ ವೈರಿ. ನಮ್ಮ ರಕ್ತದಲ್ಲಿ ಸಿ.ಡಿ.೪ ಎಂಬ ಬಿಳಿಯ ಕಣಗಳಿವೆ. ರೋಗಗಳೊಡನೆ ಹೋರಾಡುವ ಸೈನ್ಯಕ್ಕೆ ಇವೇ ದಳಪತಿಗಳು. ಆರೋಗ್ಯವಂತರಲ್ಲಿ ಇವು ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ ೫೦೦ಕ್ಕಿಂತ ಹೆಚ್ಚಿರುತ್ತವೆ. ವೈರಸ್ಸು ಇವನ್ನು ನಾಶಮಾಡುತ್ತ ಹೋದಂತೆ, ಅದುವರೆಗೆ ದೇಹದಲ್ಲಿ ನಿದ್ರಿಸುತ್ತಿದ್ದ ರೋಗಾಣುಗಳು ಎಚ್ಚರಗೊಳ್ಳುತ್ತವೆ. ಹೀಗೆ ಜೊತೆಗೂಡುವ ರೋಗಗಳಲ್ಲಿ ಕ್ಷಯವೇ ಅಗ್ರಗಣ್ಯ.

೧೯೯೬ರ ಹೊತ್ತಿಗೆ, ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಈ ವೈರಸ್ಸನ್ನು ಹತ್ತಿಕ್ಕಬಹುದೆಂದು ಸಿದ್ಧವಾಯಿತು. ಕ್ಷಯಕ್ಕೆ ಮದ್ದು ಮೊದಲೇ ಇದ್ದಿತು. ಹಾಗಾದರೆ ಎರಡನ್ನೂ ಒಂದೇ ದಿನ ಆರಂಭಿಸಬಾರದೇಕೆ? ತೊಡಕುಗಳು ಎರಡು. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ, ಎಚ್.ಐ.ವಿ.ಯ ಕೆಲವು ಔಷಧಗಳು ದೇಹದಲ್ಲಿ ಬೇಗ ಕರಗಿಹೋಗುವಂತೆ ಮಾಡುತ್ತದೆ. ಆದುದರಿಂದಲೇ ಇಂದು ಡೊಲುಟೆಗ್ರಾವಿರ್ ಎಂಬ ಮಾತ್ರೆಯನ್ನು, ರಿಫಾಂಪಿಸಿನ್ ಸೇವಿಸುವವರಿಗೆ ದಿನಕ್ಕೆ ಒಂದು ಬಾರಿಯ ಬದಲು ಎರಡು ಬಾರಿ ಕೊಡುತ್ತಾರೆ. ಎರಡನೆಯ ತೊಡಕು ಇನ್ನೂ ವಿಚಿತ್ರವಾದುದು. ಔಷಧದಿಂದ ಚೇತರಿಸಿಕೊಂಡ ಸೈನ್ಯವು ಉಳಿದಿರುವ ರೋಗಾಣುಗಳ ಮೇಲೆ ಒಮ್ಮೆಲೇ ಎರಗುತ್ತದೆ. ಜ್ವರ ಏರುತ್ತದೆ, ಕುತ್ತಿಗೆಯ ಗಂಟುಗಳು ಊದಿಕೊಳ್ಳುತ್ತವೆ. ಗುಣವಾಗುತ್ತಿರುವವನೇ ರೋಗ ಉಲ್ಬಣಿಸಿದವನಂತೆ ಕಾಣುತ್ತಾನೆ. ವೈದ್ಯರು ಇದನ್ನು 'ಐರಿಸ್' ಎಂದು ಕರೆಯುತ್ತಾರೆ.

ಇದಕ್ಕೆ ಹೆದರಿ ಹಲವು ವೈದ್ಯರು ಕ್ಷಯದ ಚಿಕಿತ್ಸೆ ಮುಗಿಯುವವರೆಗೂ ಕಾಯುತ್ತಿದ್ದರು. ಕಾಯುವುದು ಸರಿಯೇ? ತರ್ಕದಿಂದ ಇದು ತೀರ್ಮಾನವಾಗುವಂತಿರಲಿಲ್ಲ. ಒಪ್ಪಿಗೆ ಕೊಟ್ಟ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಫಲವನ್ನು ಹೋಲಿಸಿ ನೋಡಬೇಕಾಯಿತು. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಸಲೀಂ ಅಬ್ದುಲ್ ಕರೀಂ ಮತ್ತು ಸಂಗಡಿಗರು ೬೪೨ ರೋಗಿಗಳ ಮೇಲೆ ನಡೆಸಿದ ಅಧ್ಯಯನ ೨೦೧೦ರಲ್ಲಿ ಪ್ರಕಟವಾಯಿತು. ಕ್ಷಯದ ಚಿಕಿತ್ಸೆ ನಡೆಯುತ್ತಿರುವಾಗಲೇ ಎಚ್.ಐ.ವಿ. ಔಷಧ ಪಡೆದವರಲ್ಲಿ, ಕೊನೆಯವರೆಗೆ ಕಾದವರಿಗಿಂತ ಮರಣಪ್ರಮಾಣ ಶೇಕಡ ೫೬ರಷ್ಟು ಕಡಿಮೆಯಾಗಿತ್ತು. ಮರುವರ್ಷ ಕಾಂಬೋಡಿಯದ ಅಧ್ಯಯನ ಹೊರಬಂದಿತು. ಅಲ್ಲಿನ ೬೬೧ ರೋಗಿಗಳು ತೀರ ನಿತ್ರಾಣರು. ಕ್ಷಯದ ಮದ್ದು ಆರಂಭಿಸಿದ ಎರಡು ವಾರಕ್ಕೆ ಎಚ್.ಐ.ವಿ. ಔಷಧ ಪಡೆದ ೩೩೨ ಜನರಲ್ಲಿ ೫೯ ಮಂದಿ ತೀರಿಕೊಂಡರು. ಎಂಟು ವಾರ ಕಾದ ೩೨೯ ಜನರಲ್ಲಿ ೯೦ ಮಂದಿ. ಬೇಗ ಪಡೆದವರಲ್ಲಿ ಐರಿಸ್ ಹೆಚ್ಚಾಗಿಯೇ ಕಾಣಿಸಿಕೊಂಡಿತು. ಆದರೂ ಬದುಕಿದವರು ಅವರಲ್ಲಿಯೇ ಹೆಚ್ಚು.

ಶೀಘ್ರವೇ ಗೆದ್ದಿತೆಂದು ಇಲ್ಲಿಗೆ ಲೇಖನಿಯನ್ನು ಕೆಳಗಿಡಬಹುದಿತ್ತು. ಆದರೆ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವು ಎಚ್.ಐ.ವಿ. ರೋಗಿಗಳ ಮೆದುಳಿನ ಪೊರೆಯನ್ನು ಹಿಡಿಯುವುದುಂಟು. ಉಗಾಂಡ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಅಂತಹ ೧೭೭ ರೋಗಿಗಳನ್ನು ಇದೇ ರೀತಿ ಪರೀಕ್ಷಿಸಲಾಯಿತು. ೨೦೧೪ರಲ್ಲಿ ಪ್ರಕಟವಾದ ಫಲ ತದ್ವಿರುದ್ಧ! ಒಂದೆರಡು ವಾರದಲ್ಲೇ ಎಚ್.ಐ.ವಿ. ಔಷಧ ಪಡೆದ ೮೮ ಜನರಲ್ಲಿ ಆರು ತಿಂಗಳೊಳಗೆ ೪೦ ಮಂದಿ ಮೃತರಾದರು. ಐದು ವಾರ ಕಾದ ೮೯ ಜನರಲ್ಲಿ ೨೭ ಮಂದಿ. ಮೇಲ್ವಿಚಾರಣೆಯ ಸ್ವತಂತ್ರ ಮಂಡಳಿ ಈ ಅಂತರವನ್ನು ಕಂಡೊಡನೆ ಪರೀಕ್ಷೆಯನ್ನು ಅರ್ಧದಲ್ಲೇ ನಿಲ್ಲಿಸಿತು. ಕುತ್ತಿಗೆಯ ಗಂಟು ಊದಿದರೆ ಸಹಿಸಬಹುದು. ತಲೆಬುರುಡೆಯೊಳಗೆ ಊತಕ್ಕೆ ಎಡೆಯೆಲ್ಲಿ? ಇಂದು ಸಾಮಾನ್ಯ ಕ್ಷಯವಿದ್ದವರಿಗೆ ಎರಡು ವಾರದೊಳಗೆ, ಈ ಶಿಲೀಂಧ್ರದ ರೋಗಿಗಳಿಗೆ ನಾಲ್ಕರಿಂದ ಆರು ವಾರಗಳ ನಂತರ ಎಚ್.ಐ.ವಿ. ಔಷಧ ಆರಂಭಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇದನ್ನು ಕಾಲೇಜಿನ ಪತ್ರಿಕೆಯಲ್ಲಿ ಬರೆಯುವುದೇಕೆಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಕೇರಿಯವರು ಆಸ್ಪತ್ರೆಯ ಚೀಟಿಗಳನ್ನು ನನ್ನ ಕೈಗೇ ಕೊಡುತ್ತಾರೆ. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. 'ಇನ್ನೊಂದು ಮದ್ದನ್ನು ಏಕೆ ತಡೆದಿದ್ದಾರೆ? ನಮ್ಮನ್ನು ಅಸಡ್ಡೆ ಮಾಡಿದರೆ?' ಎಂದು ಯಾರಾದರೂ ಕೇಳಿದಾಗ, ಕಾಯಿಸುವುದೆಲ್ಲ ಅಸಡ್ಡೆಯಲ್ಲವೆಂದು ತಿಳಿಹೇಳುವವರು ಬೇಕು. ಮದ್ದು ಶುರುವಾದ ಮೇಲೆ ಜ್ವರ ಬಂದಿತೆಂದು ಮಾತ್ರೆಯನ್ನು ಎಸೆಯಹೊರಟವನನ್ನು ತಡೆದು, ವೈದ್ಯರ ಬಳಿಗೆ ಮರಳಿ ಕರೆದೊಯ್ಯುವವರೂ ಬೇಕು.

ಈ ಮುಹೂರ್ತವನ್ನು ಗೊತ್ತುಮಾಡಿದವರು ಡರ್ಬನ್, ಕಾಂಬೋಡಿಯ, ಉಗಾಂಡಗಳ ಬಡ ರೋಗಿಗಳು. ಅವರಲ್ಲಿ ಅನೇಕರು ಅದರ ಫಲವನ್ನು ಕಾಣಲು ಉಳಿಯಲಿಲ್ಲ. ಅವರು ತೆತ್ತ ಬೆಲೆಯಿಂದ ದೊರೆತ ತಿಳಿವಳಿಕೆಯನ್ನು ನಮ್ಮ ಭಾಷೆಯಲ್ಲಿ ನಾಲ್ಕು ಜನಕ್ಕೆ ಮುಟ್ಟಿಸುವುದು ಅಕ್ಷರ ಕಲಿತ ನಮ್ಮ ಕರ್ತವ್ಯವಲ್ಲವೆ?