ದಾದಿಯರ ನಿರ್ಣಯಾಧಿಕಾರವೂ ಸೇವಾಸ್ಥೈರ್ಯವೂ

ಆಸ್ಪತ್ರೆಯೊಂದನ್ನು ದಾದಿಯರು ಒಬ್ಬೊಬ್ಬರಾಗಿ ಬಿಟ್ಟುಹೋಗತೊಡಗಿದರೆ ಸಂಬಳ ಸಾಲದೆ ಹೋದರೆಂದು ನಾವು ಸುಲಭವಾಗಿ ನಿರ್ಣಯಿಸಿಬಿಡುತ್ತೇವೆ. ಸಂಬಳವೂ ಒಂದು ಕಾರಣವೇ ಸರಿ. ಆದರೆ ಅದೊಂದೇ ಅಲ್ಲವೆಂಬುದಕ್ಕೆ ಅಮೆರಿಕದ ಅನುಭವವು ಸಾಕ್ಷಿಯಾಗಿದೆ.

೧೯೮೦ರ ಸುಮಾರಿಗೆ ಆ ದೇಶದಲ್ಲಿ ದಾದಿಯರ ಅಭಾವ ತೀವ್ರವಾಗಿದ್ದಿತು. ಆದರೂ ಕೆಲವು ಆಸ್ಪತ್ರೆಗಳು ಅವರನ್ನು ಆಕರ್ಷಿಸಿ ಉಳಿಸಿಕೊಂಡಿದ್ದುವು. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಸಂಸ್ಥೆಯು ಅಂಥ ೪೧ ಆಸ್ಪತ್ರೆಗಳನ್ನು ಆರಿಸಿ, ಅವುಗಳ ರೀತಿನೀತಿಗಳನ್ನು ಪರಿಶೀಲಿಸಿ, ೧೯೮೩ರಲ್ಲಿ ವರದಿಯನ್ನು ಪ್ರಕಟಿಸಿತು. 'ಅಯಸ್ಕಾಂತ ಆಸ್ಪತ್ರೆ' ಎಂಬರ್ಥದ ಹೆಸರು ಅಲ್ಲಿಂದ ರೂಢಿಗೆ ಬಂದಿತು. ಸಮರ್ಥ ಮುಖಂಡತ್ವ, ಸಾಕಷ್ಟು ಸಿಬ್ಬಂದಿ ಇವುಗಳೊಡನೆ, ಸ್ವಂತ ವೃತ್ತಿಯಲ್ಲಿ ದಾದಿಯರಿಗಿದ್ದ ಸ್ವಾತಂತ್ರ್ಯವೂ ನಿರ್ಣಯಗಳಲ್ಲಿ ಅವರಿಗಿದ್ದ ಪಾಲೂ ಇವುಗಳ ಸಮಾನಲಕ್ಷಣಗಳಾಗಿ ಕಂಡುಬಂದುವು.

ಈ ತತ್ತ್ವಕ್ಕೆ ವ್ಯವಸ್ಥೆಯ ರೂಪವನ್ನು ಕೊಟ್ಟವರಲ್ಲಿ ಟಿಮ್ ಪೋರ್ಟರ್-ಓಗ್ರೇಡಿ ಪ್ರಮುಖರು. ಅವರು ಶ್ಯಾರನ್ ಫಿನಿಗನ್ ಅವರೊಡನೆ ಬರೆದ ಗ್ರಂಥವು ೧೯೮೪ರಲ್ಲಿ ಹೊರಬಂದಿತು. ಈ ಪದ್ಧತಿಯಲ್ಲಿ ಶುಶ್ರೂಷಾಕ್ರಮ, ಗುಣಮಟ್ಟ, ಶಿಕ್ಷಣ ಮುಂತಾದುವಕ್ಕೆ ಒಂದೊಂದು ಮಂಡಳಿಯಿರುತ್ತದೆ. ವಾರ್ಡುಗಳಲ್ಲಿ ದುಡಿಯುವ ದಾದಿಯರೇ ಅವುಗಳ ಸದಸ್ಯರು. ಹಾಸಿಗೆಹುಣ್ಣಾಗದಂತೆ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕು, ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಗತಿಗಳನ್ನು ಹೇಗೆ ಒಪ್ಪಿಸಬೇಕು ಎಂಬಂಥ ವಿಷಯಗಳನ್ನು ಮಂಡಳಿಯು ನಿಶ್ಚಯಿಸುತ್ತದೆ. ಅದಕ್ಕೆ ಬೇಕಾದ ಸಾಧನಗಳನ್ನು ಒದಗಿಸುವುದು ಮೇಲಧಿಕಾರಿಗಳ ಹೊಣೆ.

ಇದರಿಂದ ಸೇವೆ ಸ್ಥಿರವಾಗುವುದೇಕೆ? ತಪ್ಪಾದಾಗ ಹೊಣೆ ತನ್ನದು, ಕ್ರಮವನ್ನು ಗೊತ್ತುಮಾಡುವ ಅಧಿಕಾರ ಮಾತ್ರ ಪರರದು ಎಂಬ ಸ್ಥಿತಿಯಲ್ಲಿ ಆತ್ಮಗೌರವವುಳ್ಳವರು ಬಹುಕಾಲ ನಿಲ್ಲಲಾರರು. ಕುಂದುಕೊರತೆಯನ್ನು ತಿದ್ದುವ ದಾರಿ ಒಳಗೇ ಇದ್ದರೆ ಹೊರಗಿನ ಬಾಗಿಲನ್ನು ಹುಡುಕುವ ಅವಶ್ಯಕತೆ ಕಡಿಮೆಯಾಗುತ್ತದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಉತ್ತಮ ಆಡಳಿತವುಳ್ಳ ಆಸ್ಪತ್ರೆಯೇ ಇಂಥ ಮಂಡಳಿಗಳನ್ನು ಸ್ಥಾಪಿಸುವ ಸಂಭವ ಹೆಚ್ಚು. ಆದುದರಿಂದ ಫಲವೆಲ್ಲವೂ ಮಂಡಳಿಯದೇ ಎನ್ನುವುದು ಸಾಧುವಲ್ಲ. ಪಾಳಿ ಮುಗಿದ ಮೇಲೆ ವೇತನವಿಲ್ಲದೆ ಸಭೆಗೆ ಕರೆದು, ಅಲ್ಲಿನ ನಿರ್ಣಯವನ್ನು ಕಡತದಲ್ಲಿಟ್ಟು ಮರೆತರೆ, ಅದು ಅಧಿಕಾರದ ಹಂಚಿಕೆಯಲ್ಲ, ದುಡಿಮೆಯ ಹೆಚ್ಚಳ ಮಾತ್ರ.

ಬ್ಯಾಂಕಿನಲ್ಲಿ ಗುಮಾಸ್ತನೊಬ್ಬನು ಹೋದರೂ ಲೆಕ್ಕದ ಪುಸ್ತಕ ಉಳಿಯುತ್ತದೆ. ನುರಿತ ದಾದಿಯು ರೋಗಿಯ ಮುಖ ನೋಡಿಯೇ ಅರಿಯುವ ಅಪಾಯದ ಸೂಚನೆ ಯಾವ ಪುಸ್ತಕದಲ್ಲಿಯೂ ಜಮೆಯಾಗಿರುವುದಿಲ್ಲ. ಆಕೆ ಹೊರಟರೆ ಅದೂ ಆಕೆಯೊಡನೆಯೇ ಹೊರಡುತ್ತದೆ. ಆ ನಷ್ಟವನ್ನು ತೆರುವವನು ಹಾಸಿಗೆಯಲ್ಲಿರುವ ರೋಗಿ.